ಚಳಿಗಾಲದಲ್ಲಿ ಕೃಷಿ ಹೊಂಡದ ಮೀನಿಗೆ ಎಷ್ಟು ಆಹಾರ?

ಡಿಸೆಂಬರ್ ತಿಂಗಳ ಕೊನೆಯ ವಾರ, ಬೆಳಗಿನ ಏಳು ಗಂಟೆ ಎಂದಿಟ್ಟುಕೊಳ್ಳಿ. ತಿಕೋಟಾ ಕಡೆಯ ಒಂದು ದ್ರಾಕ್ಷಿ ತೋಟ. ತೋಟದ ಮಾಲೀಕರು ಕೃಷಿ ಹೊಂಡದ ದಂಡೆಯ ಮೇಲೆ ನಿಂತು, ಶೇಂಗಾ ಹಿಂಡಿ ಮತ್ತು ತೌಡು ಬೆರೆಸಿದ ಉಂಡೆಗಳನ್ನು ಎಂದಿನಂತೆ ನೀರಿಗೆ ಹಾಕುತ್ತಾರೆ. ದಸರೆಯ ಹೊತ್ತಿಗೆ ಬುಟ್ಟಿಯ ಸಪ್ಪಳಕ್ಕೇ ಮೇಲೆದ್ದು ಬರುತ್ತಿದ್ದ ಮೀನುಗಳಲ್ಲಿ ಈಗ ಒಂದೂ ಕಾಣಿಸುವುದಿಲ್ಲ. ಉಂಡೆಗಳು ತಳ ಸೇರುತ್ತವೆ. “ಮೀನಕ್ಕ ಏನಾರ ಜಡ್ಡ ಬಂದೈತೇನ್ರಿ?” ಎಂಬುದು ಅವರ ಮೊದಲ ಪ್ರಶ್ನೆ. ಹಾಕಿದ ಆಹಾರ ಸಾಲದೆಂದು ಮರುದಿನ ಇನ್ನೊಂದು ಬುಟ್ಟಿ ಹೆಚ್ಚು ಹಾಕುವವರೂ ಇದ್ದಾರೆ. ‘ಚಳಿಗಾಲದಲ್ಲಿ ಮೀನು ತಿನ್ನುವುದೇ ಇಲ್ಲ’ ಎಂದು ಎರಡು ತಿಂಗಳು ಪೂರ್ತಿ ನಿಲ್ಲಿಸಿಬಿಡುವವರೂ ಇದ್ದಾರೆ. ಇಬ್ಬರ ಲೆಕ್ಕವೂ ತಪ್ಪು. ಇದು ಏಕೆ ಎಂದು ತಿಳಿಯಲು ಮೀನಿನ ಮೈಯೊಳಗೂ ಹೊಂಡದ ನೀರಿನೊಳಗೂ ಸ್ವಲ್ಪ ಇಳಿದು ನೋಡಬೇಕು.

ಮೈ ತಣ್ಣಗಾದರೆ ಹಸಿವೂ ತಣ್ಣಗೆ

ಮೀನು ಶೀತರಕ್ತ ಪ್ರಾಣಿ ಎಂಬುದು ನಿಮಗೆ ಗೊತ್ತೇ ಇದೆ. ಹೆಸರು ಸ್ವಲ್ಪ ದಾರಿ ತಪ್ಪಿಸುವಂಥದು. ಅದರ ರಕ್ತ ಯಾವಾಗಲೂ ತಣ್ಣಗಿರುವುದಿಲ್ಲ, ಸುತ್ತಲಿನ ನೀರು ಎಷ್ಟು ಬೆಚ್ಚಗಿದೆಯೋ ಅಷ್ಟು ಬೆಚ್ಚಗಿರುತ್ತದೆ. ನಮ್ಮ ಮೈ ಜನವರಿಯಲ್ಲೂ 37 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕಾದ್ದರಿಂದ ಚಳಿಗಾಲದಲ್ಲಿ ನಮಗೆ ಹಸಿವು ಹೆಚ್ಚು. ಮೀನಿಗೆ ಮೈ ಕಾಯಿಸಿಕೊಳ್ಳುವ ಖರ್ಚೇ ಇಲ್ಲ. ನೀರು 20 ಡಿಗ್ರಿಗೆ ಇಳಿದರೆ ಅದರ ಮೈಯೂ 20 ಡಿಗ್ರಿ.

ಜೀವಿಗಳ ಮೈಯೊಳಗಿನ ರಾಸಾಯನಿಕ ಕ್ರಿಯೆಗಳೆಲ್ಲ ಕಿಣ್ವಗಳ ಮೂಲಕ ನಡೆಯುತ್ತವೆ. ಉಷ್ಣತೆ 10 ಡಿಗ್ರಿ ಇಳಿದರೆ ಈ ಕ್ರಿಯೆಗಳ ವೇಗ ಸುಮಾರಾಗಿ ಅರ್ಧಕ್ಕೆ ಇಳಿಯುತ್ತದೆ ಎಂಬುದು ಒಂದು ಒರಟು ನಿಯಮ. ಅಂದರೆ 30 ಡಿಗ್ರಿ ನೀರಿನಲ್ಲಿದ್ದ ಮೀನಿಗೆ ಬದುಕಲು ಬೇಕಾಗುವ ಶಕ್ತಿಯ ಅರ್ಧದಷ್ಟೇ 20 ಡಿಗ್ರಿ ನೀರಿನಲ್ಲಿ ಸಾಕು. ತಿಂದದ್ದು ಕರುಳಿನಲ್ಲಿ ಮುಂದೆ ಸಾಗುವ ವೇಗವೂ ಕುಗ್ಗುತ್ತದೆ.

ಗೆಂಡೆ ಕುಟುಂಬದ ಮೀನುಗಳ ವಿಷಯದಲ್ಲಿ ಇನ್ನೊಂದು ಸಂಗತಿ ಇದೆ. ನಮ್ಮ ಹೊಂಡಗಳಲ್ಲಿ ಸಾಕುವ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಹುಲ್ಲು ಗೆಂಡೆ ಇವಾವಕ್ಕೂ ಜಠರವಿಲ್ಲ! ನುಂಗಿದ್ದು ಅನ್ನನಾಳದಿಂದ ನೇರವಾಗಿ ಕರುಳಿಗೆ ಹೋಗುತ್ತದೆ. ಒಂದೇ ಸಲ ಹೊಟ್ಟೆ ತುಂಬ ತಿಂದು ದಾಸ್ತಾನು ಮಾಡಿಕೊಳ್ಳುವ ಚೀಲ ಇಲ್ಲದ್ದರಿಂದ ಅವು ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ತಿನ್ನಬೇಕು. ಕರುಳು ನಿಧಾನವಾದಾಗ ಮುಂದಿನ ತುತ್ತಿಗೆ ಜಾಗವೇ ಇರುವುದಿಲ್ಲ. ಬೆಳಗಿನ ಏಳು ಗಂಟೆಗೆ ಮೇಲೆ ಬಾರದ ಮೀನಿಗೆ ಜಡ್ಡಾಗಿಲ್ಲ, ಹಸಿವಾಗಿಲ್ಲ ಅಷ್ಟೆ.

ಕಾಟ್ಲಾ, ರೋಹು, ಮೃಗಾಲ್ ಚೆನ್ನಾಗಿ ತಿಂದು ಬೆಳೆಯುವುದು ನೀರು 25ರಿಂದ 32 ಡಿಗ್ರಿ ಇರುವಾಗ. 20ಕ್ಕೆ ಇಳಿಯುವಷ್ಟರಲ್ಲಿ ತಿನ್ನುವುದು ಸ್ಪಷ್ಟವಾಗಿ ಕಡಿಮೆಯಾಗಿರುತ್ತದೆ. 15ರ ಹತ್ತಿರ ಬಹುಮಟ್ಟಿಗೆ ನಿಂತೇಹೋಗುತ್ತದೆ. ಸಮಶೀತೋಷ್ಣ ವಲಯದಿಂದ ಬಂದ ಸಾಮಾನ್ಯ ಗೆಂಡೆ ಇವುಗಳಿಗಿಂತ ಗಟ್ಟಿ. ಉಳಿದವು ಬಾಯಿ ಮುಚ್ಚಿಕೊಂಡ ಚಳಿಯಲ್ಲೂ ಅದು ತಳದ ಕೆಸರನ್ನು ಕೆದಕುತ್ತಿರುತ್ತದೆ.

ತೆಂಗಿನೆಣ್ಣೆ, ಕುಸುಬೆ ಎಣ್ಣೆ

ಚಳಿ ಬಿದ್ದ ದಿನ ಮನೆಯಲ್ಲಿನ ತೆಂಗಿನೆಣ್ಣೆಯ ಶೀಸೆಯನ್ನು ನೋಡಿ. ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಪಕ್ಕದಲ್ಲೇ ಇರುವ ಕುಸುಬೆ ಎಣ್ಣೆ ಮಾತ್ರ ಹರಿಯುತ್ತಲೇ ಇರುತ್ತದೆ. ತೆಂಗಿನೆಣ್ಣೆಯಲ್ಲಿ ಪರ್ಯಾಪ್ತ ಮೇದಾಮ್ಲಗಳು ಹೆಚ್ಚು, ಕುಸುಬೆ ಎಣ್ಣೆಯಲ್ಲಿ ಅಪರ್ಯಾಪ್ತ ಮೇದಾಮ್ಲಗಳು ಹೆಚ್ಚು. ಜೀವಕೋಶದ ಪೊರೆ ಕೂಡ ಕೊಬ್ಬಿನಿಂದಲೇ ಆದದ್ದು. ಅದು ಹೆಪ್ಪುಗಟ್ಟಿದಂತಾದರೆ ಕೋಶದ ಕೆಲಸ ಕೆಡುತ್ತದೆ. ಆದ್ದರಿಂದ ನೀರು ತಣ್ಣಗಾಗುತ್ತ ಹೋದಂತೆ ಮೀನು ತನ್ನ ಪೊರೆಗಳಲ್ಲಿ ಅಪರ್ಯಾಪ್ತ ಮೇದಾಮ್ಲಗಳ ಪಾಲನ್ನು ಹೆಚ್ಚಿಸಿಕೊಳ್ಳುತ್ತದೆ.

ಈ ಕೆಲಸಕ್ಕೆ ದಿನಗಳು, ಕೆಲವೊಮ್ಮೆ ವಾರಗಳು ಬೇಕು. ನಿಧಾನವಾಗಿ ಬಂದ 18 ಡಿಗ್ರಿಯನ್ನು ತಾಳಿಕೊಳ್ಳುವ ಮೀನು, ಎರಡು ದಿನದಲ್ಲಿ ಬಂದ 18 ಡಿಗ್ರಿಗೆ ಕಂಗೆಡುವುದು ಇದರಿಂದಲೇ. ಜೊತೆಗೆ ಸರಿಯಾದ ಕೊಬ್ಬು ಆಹಾರದಲ್ಲಿ ಮೊದಲೇ ಸಿಕ್ಕಿರಬೇಕು. ಆದ್ದರಿಂದ ಚಳಿಗಾಲದ ಆಹಾರದ ಯೋಚನೆ ಡಿಸೆಂಬರಿನಲ್ಲಲ್ಲ, ಅಕ್ಟೋಬರ್–ನವೆಂಬರಿನಲ್ಲಿ ಶುರುವಾಗಬೇಕು. ನೀರು ಇನ್ನೂ ಬೆಚ್ಚಗಿರುವ ಆ ಎರಡು ತಿಂಗಳಲ್ಲಿ ಚೆನ್ನಾಗಿ ಉಣಿಸಿದರೆ ಮೀನು ಮೈಯಲ್ಲಿ ಕೊಬ್ಬು ಕೂಡಿಟ್ಟುಕೊಳ್ಳುತ್ತದೆ. ಎಣ್ಣೆ ಪೂರ್ತಿ ಹೀರಿ ತೆಗೆದ ಕಾರ್ಖಾನೆ ಹಿಂಡಿಗಿಂತ, ಸ್ವಲ್ಪ ಎಣ್ಣೆ ಉಳಿದಿರುವ ಗಾಣದ ಹಿಂಡಿ ಈ ದೃಷ್ಟಿಯಿಂದ ಮೇಲು. ವಿಜಯಪುರ ಜಿಲ್ಲೆಯಲ್ಲಿ ಶೇಂಗಾ, ಕುಸುಬೆ, ಸೂರ್ಯಕಾಂತಿ ಮೂರರ ಹಿಂಡಿಯೂ ಸಿಗುತ್ತದೆ. ಬೂಸ್ಟು ಹಿಡಿದ ಶೇಂಗಾ ಹಿಂಡಿಯನ್ನು ಮಾತ್ರ ಹಾಕಬಾರದು, ಅದರಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು. ಚಳಿಗಾಲದಲ್ಲಿ ಆಹಾರ ಖರ್ಚಾಗುವುದು ಕಡಿಮೆಯಾದ್ದರಿಂದ ಚೀಲಗಳು ಹೊಂಡದ ಪಕ್ಕದ ಗುಡಿಸಲಿನಲ್ಲೇ ತಿಂಗಳುಗಟ್ಟಲೆ ಕೂರುವ ಅಪಾಯ ಹೆಚ್ಚು.

ಪತ್ರಿಕೆಯ ಉಷ್ಣತೆ ಬೇರೆ, ಹೊಂಡದ ಉಷ್ಣತೆ ಬೇರೆ

ಡಿಸೆಂಬರಿನಲ್ಲಿ ವಿಜಯಪುರ ನಗರದ ಕನಿಷ್ಠ ಉಷ್ಣತೆ ಸರಾಸರಿ 15 ಡಿಗ್ರಿಯ ಆಸುಪಾಸು, ಗರಿಷ್ಠ 29–30. ಉತ್ತರದಿಂದ ಶೀತಗಾಳಿ ಬೀಸಿದಾಗ ಕನಿಷ್ಠ ಉಷ್ಣತೆ 10ಕ್ಕಿಂತ ಕೆಳಗೆ ಇಳಿದದ್ದೂ ಉಂಟು. ಅಂಥ ದಿನ ಪತ್ರಿಕೆಯಲ್ಲಿ ಆ ಅಂಕಿಯನ್ನು ನೋಡಿ ಮೀನು ಸಾಕುವವರು ಗಾಬರಿಯಾಗುತ್ತಾರೆ. ಆದರೆ ಅದು ಗಾಳಿಯ ಉಷ್ಣತೆ. ಮೀನು ಇರುವುದು ನೀರಿನಲ್ಲಿ.

ನೀರಿನ ವಿಶಿಷ್ಟೋಷ್ಣ ಬಹಳ ಹೆಚ್ಚು. ಒಂದು ಘನ ಮೀಟರ್ ನೀರು ಒಂದು ಡಿಗ್ರಿ ತಣ್ಣಗಾಗಲು ಸುಮಾರು 42 ಲಕ್ಷ ಜೂಲ್ ಶಾಖವನ್ನು ಕಳೆದುಕೊಳ್ಳಬೇಕು. ಒಂದು ಹೊಂಡದ ಲೆಕ್ಕ ಹಾಕೋಣ. ಮೇಲ್ಭಾಗ 30 ಮೀ. × 30 ಮೀ., ತಳ 21 ಮೀ. × 21 ಮೀ., ಆಳ 3 ಮೀ. ಇಳಿಜಾರು ಬದಿಗಳ ಈ ಹೊಂಡದಲ್ಲಿ ಸುಮಾರು 1,970 ಘನ ಮೀಟರ್ ನೀರು ಹಿಡಿಸುತ್ತದೆ. ಒಣಹವೆಯ, ಮೋಡವಿಲ್ಲದ ರಾತ್ರಿಯಲ್ಲಿ ನೀರಿನ ಮೈಯಿಂದ ಪ್ರತಿ ಚದರ ಮೀಟರಿಗೆ ಸರಾಸರಿ 100 ವ್ಯಾಟ್ ಶಾಖ ಹೋಗುತ್ತದೆ ಎಂದಿಟ್ಟುಕೊಳ್ಳಿ. 12 ಗಂಟೆಯಲ್ಲಿ ಅದು ಚದರ ಮೀಟರಿಗೆ 43 ಲಕ್ಷ ಜೂಲ್ ಆಯಿತು. ಭಾಗಿಸಿ ನೋಡಿದರೆ ಇಡೀ ಹೊಂಡ ತಣ್ಣಗಾಗುವುದು ಬರೀ ಅರ್ಧ ಡಿಗ್ರಿಯಷ್ಟು!

ಹೀಗೆ ಆಳವಾದ ಹೊಂಡ ಹಗಲು–ರಾತ್ರಿಯ ಏರಿಳಿತವನ್ನು ಲೆಕ್ಕಿಸುವುದಿಲ್ಲ. ಹಲವು ದಿನಗಳ ಸರಾಸರಿಯನ್ನು ಅದು ನಿಧಾನವಾಗಿ ಹಿಂಬಾಲಿಸುತ್ತದೆ. ನಮ್ಮಲ್ಲಿ ಆ ಸರಾಸರಿ 22ರ ಹತ್ತಿರ. ಆದ್ದರಿಂದ ಸಾಮಾನ್ಯ ಚಳಿಗಾಲದಲ್ಲಿ ತುಂಬಿದ ಹೊಂಡದ ನೀರು 20–23 ಡಿಗ್ರಿಯಲ್ಲಿ ಇರುತ್ತದೆ ಎಂದು ನಿರೀಕ್ಷಿಸಬಹುದು. ಶೀತಗಾಳಿ ಒಂದು ವಾರ ನಿಂತರೆ ಇನ್ನೂ ಎರಡು ಮೂರು ಡಿಗ್ರಿ ಇಳಿದೀತು. ಅಂದರೆ ಮೀನು ತಿನ್ನುವುದನ್ನು ಕಡಿಮೆ ಮಾಡುತ್ತದೆ, ಆದರೆ ಬಿಡುವುದಿಲ್ಲ.

ಇಲ್ಲಿ ಶಿಕ್ಷಕರಿಗೆ ಒಂದು ಮಾತು. ನೀರು 4 ಡಿಗ್ರಿಯಲ್ಲಿ ಅತಿ ಹೆಚ್ಚು ಸಾಂದ್ರ, ಆದ್ದರಿಂದ ಮೇಲೆ ಹಿಮಗಟ್ಟಿದರೂ ತಳದಲ್ಲಿ ಮೀನು ಬೆಚ್ಚಗೆ ಬದುಕುತ್ತದೆ ಎಂದು ನಾವೆಲ್ಲ ಪಾಠ ಮಾಡಿದ್ದೇವೆ. ಅದು ಸರೋವರಗಳು ಹೆಪ್ಪುಗಟ್ಟುವ ನಾಡುಗಳ ಮಾತು. ನಮ್ಮ ಹೊಂಡ 4 ಡಿಗ್ರಿಗೆ ಎಂದೂ ಇಳಿಯುವುದಿಲ್ಲ. ಆದ್ದರಿಂದ ಇಲ್ಲಿ ತಣ್ಣನೆಯ ನೀರು ಯಾವಾಗಲೂ ಕೆಳಗೆ, ಬೆಚ್ಚನೆಯದು ಮೇಲೆ. ಹಗಲು ಬಿಸಿಲಿಗೆ ಮೇಲಿನ ಪದರ ಕಾಯುತ್ತದೆ. ರಾತ್ರಿ ಅದೇ ಪದರ ತಣ್ಣಗಾಗಿ ಕೆಳಗಿಳಿದು ಇಡೀ ಹೊಂಡ ಕಲಕಿಕೊಳ್ಳುತ್ತದೆ. ನಸುಕಿನಲ್ಲಿ ಮೇಲೆ, ಕೆಳಗೆ ಹೆಚ್ಚುಕಡಿಮೆ ಒಂದೇ ಉಷ್ಣತೆ. ಮಧ್ಯಾಹ್ನ ಎರಡು–ಮೂರು ಗಂಟೆಗೆ ಮೇಲಿನ ಅರ್ಧ ಮೀಟರ್ ನೀರು ತಳಕ್ಕಿಂತ ಸ್ವಲ್ಪ ಬೆಚ್ಚಗಿರುತ್ತದೆ. ಮೀನು ಮೇಲೆ ಬರುವುದೂ ಆಗಲೇ. ಚಳಿಗಾಲದಲ್ಲಿ ಆಹಾರ ಹಾಕುವ ಹೊತ್ತನ್ನು ಬೆಳಗಿನಿಂದ ಮಧ್ಯಾಹ್ನಕ್ಕೆ ಸರಿಸಬೇಕು ಎನ್ನುವುದಕ್ಕೆ ಇದೇ ಕಾರಣ.

ನೀರಿರುವ ಕಾಲದ ನಡುವೆಯೇ ಚಳಿ

ಪಂಜಾಬಿನ ಕೊಳಗಳಲ್ಲಿ ಚಳಿಗಾಲದ ನೀರು 10–12 ಡಿಗ್ರಿಗೆ ಇಳಿಯುತ್ತದೆ. ಅಲ್ಲಿ ಆಹಾರ ನಿಲ್ಲಿಸುವುದೇ ಸರಿ. ಕರಾವಳಿ ಆಂಧ್ರದ ಕೊಲ್ಲೇರು ಸುತ್ತಮುತ್ತ ಚಳಿ ಅಷ್ಟಾಗಿ ಕಾಡದು. ಅಲ್ಲಿ ವರ್ಷವಿಡೀ ಆಹಾರ ನಡೆಯುತ್ತದೆ. ಅಲ್ಲಿನ ಕೋಷ್ಟಕಗಳು ಕೈಯಿಂದ ಕೈಗೆ ದಾಟಿ ನಮ್ಮಲ್ಲಿಗೂ ಬರುತ್ತವೆ. ವಿಜಯಪುರಕ್ಕೆ ಎರಡೂ ಹೊಂದುವುದಿಲ್ಲ.

ನಮ್ಮ ತೊಂದರೆ ಬೇರೆ. ಇದು ಮಳೆ ಕಡಿಮೆಯ ಜಿಲ್ಲೆ. ಆದಿಲಶಾಹಿ ಕಾಲದ ಬೇಗಂ ತಲಾಬ್, ಮಮದಾಪುರದ ಕೆರೆಗಳು ನೀರಿನ ಕೊರತೆಯ ನೆನಪನ್ನೇ ಹೇಳುತ್ತವೆ. ಈಚಿನ ವರ್ಷಗಳಲ್ಲಿ ಮುಳವಾಡ, ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಗಳಿಂದ ಕೃಷ್ಣೆಯ ನೀರು ಬಬಲೇಶ್ವರ, ತಿಕೋಟಾ ಭಾಗದ ಕೆರೆಗಳಿಗೆ ಬಂದಿದೆ. ದ್ರಾಕ್ಷಿ ಬೆಳೆಗಾರರು ಪ್ಲಾಸ್ಟಿಕ್ ಹಾಳೆ ಹಾಸಿದ ದೊಡ್ಡ ಹೊಂಡಗಳನ್ನು ತೋಡಿಕೊಂಡಿದ್ದಾರೆ. 2014–15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಸಣ್ಣ ಹೊಂಡಗಳೂ ಬಂದವು. ಹೇಗೂ ನಿಂತಿರುವ ನೀರಿನಲ್ಲಿ ಮೀನು ಬಿಟ್ಟರೆ ಅದೇ ನೀರಿನಿಂದ ಎರಡನೆಯ ಬೆಳೆ. ಆದರೆ ಮುಂಗಾರಿನ ಕೊನೆಗೆ ತುಂಬಿದ ಹೊಂಡ ಬೇಸಿಗೆಯ ಹೊತ್ತಿಗೆ ತಳ ಕಾಣುತ್ತದೆ. ಮರಿ ಬಿಡುವುದು ಆಗಸ್ಟ್–ಸೆಪ್ಟೆಂಬರಿನಲ್ಲಿ, ಹಿಡಿಯುವುದು ಏಪ್ರಿಲ್–ಮೇ ತಿಂಗಳಲ್ಲಿ. ಎಂಟು–ಒಂಬತ್ತು ತಿಂಗಳ ಈ ಅವಧಿಯ ನಟ್ಟನಡುವೆ ಚಳಿಗಾಲ ಕೂತಿದೆ. ಎರಡು ತಿಂಗಳು ಆಹಾರ ನಿಲ್ಲಿಸಿದರೆ ಬೆಳೆಯುವ ಕಾಲದ ಕಾಲುಭಾಗ ಕೈಬಿಟ್ಟಂತೆ.

ಹಾಗಾದರೆ ಎಷ್ಟು ಹಾಕಬೇಕು? ಮೊದಲು ಹೊಂಡದಲ್ಲಿ ಇರುವ ಮೀನಿನ ಒಟ್ಟು ತೂಕ ಗೊತ್ತಿರಬೇಕು. ಇಪ್ಪತ್ತು–ಇಪ್ಪತ್ತೈದು ಮೀನು ಹಿಡಿದು ತೂಗಿ, ಸರಾಸರಿಯನ್ನು ಉಳಿದಿರುವ ಮೀನುಗಳ ಸಂಖ್ಯೆಯಿಂದ ಗುಣಿಸಿದರೆ ಅಂದಾಜು ಸಿಗುತ್ತದೆ. ನೀರು 25 ಡಿಗ್ರಿಗಿಂತ ಮೇಲಿರುವಾಗ ಬೆಳೆದ ಮೀನಿಗೆ ದಿನಕ್ಕೆ ಒಟ್ಟು ತೂಕದ ಶೇ. 2ರಿಂದ 3 ಹಾಕುವುದು ವಾಡಿಕೆ. 22–23ಕ್ಕೆ ಇಳಿದಾಗ ಶೇ. 1.5 ಸಾಕು. 20ರ ಹತ್ತಿರ ಶೇ. 1. ಅದಕ್ಕೂ ಕೆಳಗೆ ಇಳಿದರೆ ಅದರ ಅರ್ಧ. 16 ಡಿಗ್ರಿಗೆ ಬಂತೆಂದರೆ ನಿಲ್ಲಿಸುವುದೇ ವಾಸಿ. ದಿನದ ಪಾಲನ್ನು ಎರಡು ಮಾಡಿ, ಹನ್ನೊಂದು ಗಂಟೆಗೊಮ್ಮೆ, ಮೂರು ಗಂಟೆಗೊಮ್ಮೆ ಕೊಡಬೇಕು.

ಈ ಅಂಕಿಗಳನ್ನು ವೇದವಾಕ್ಯವೆಂದು ಹಿಡಿಯಬೇಕಾಗಿಲ್ಲ. ಸರಿಯಾದ ಉತ್ತರ ಕೊಡುವುದು ಮೀನೇ. ಒಂದು ಅಗಲವಾದ ತಟ್ಟೆಗೆ ಹಗ್ಗ ಕಟ್ಟಿ, ಅದರಲ್ಲಿ ಹಿಂಡಿಯ ಉಂಡೆಗಳನ್ನಿಟ್ಟು, ನೀರಿನಲ್ಲಿ ಒಂದು ಮೀಟರ್ ಆಳಕ್ಕೆ ಇಳಿಸಿ. ಎರಡು ಗಂಟೆಯ ನಂತರ ಮೇಲೆತ್ತಿ ನೋಡಿ. ಉಳಿದಿದ್ದರೆ ನಾಳೆ ಕಡಿಮೆ ಮಾಡಿ, ಖಾಲಿಯಾಗಿದ್ದರೆ ಸ್ವಲ್ಪ ಹೆಚ್ಚಿಸಿ. ಆಂಧ್ರದವರು ತೂತು ಮಾಡಿದ ಚೀಲಗಳಲ್ಲಿ ತೌಡು ತುಂಬಿ ಬಿದಿರಿಗೆ ಕಟ್ಟುತ್ತಾರೆ, ಮೀನು ಬೇಕಾದಷ್ಟನ್ನೇ ಎಳೆದು ತಿನ್ನುತ್ತದೆ. ಅದೂ ಒಳ್ಳೆಯ ಉಪಾಯವೇ. ತೇಲುವ ಗುಳಿಗೆ ಆಹಾರ ದುಬಾರಿಯಾದರೂ ಎಷ್ಟು ಉಳಿಯಿತೆಂದು ಕಣ್ಣಿಗೆ ಕಾಣುತ್ತದೆ. ಚಳಿಗಾಲಕ್ಕೆ ಅದೊಂದೇ ಗುಣ ಸಾಕು ಎಂದು ನನ್ನ ಅಭಿಪ್ರಾಯ.

ಉಳಿದ ಹಿಂಡಿ ಎಲ್ಲಿ ಹೋಗುತ್ತದೆ?

ಮೀನು ತಿನ್ನದ ಆಹಾರ ದಂಡವಾಯಿತು ಎಂದಷ್ಟೇ ರೈತರು ಲೆಕ್ಕ ಹಾಕುತ್ತಾರೆ. ನಿಜವಾದ ನಷ್ಟ ಅದಲ್ಲ. ಮೇಲೆ ಹೇಳಿದ ಹೊಂಡದಲ್ಲಿ ಅರ್ಧ ಕಿಲೋ ತೂಕದ 800 ಮೀನು, ಅಂದರೆ 400 ಕಿಲೋ ಇವೆ ಎನ್ನೋಣ. ಬೇಸಿಗೆಯ ಲೆಕ್ಕದಂತೆ ಶೇ. 2, ಅಂದರೆ 8 ಕಿಲೋ ಹಾಕುತ್ತ ಹೋದಿರಿ. ಮೀನು ತಿಂದದ್ದು 4 ಕಿಲೋ ಮಾತ್ರ. 60 ದಿನದಲ್ಲಿ 240 ಕಿಲೋ ತಳ ಸೇರಿತು.

ಶೇಂಗಾ ಹಿಂಡಿ ಮತ್ತು ತೌಡಿನ ಸಮಪಾಲು ಮಿಶ್ರಣದಲ್ಲಿ ಪ್ರೋಟೀನ್ ಸುಮಾರು ಶೇ. 28. ಹಾಗಾಗಿ 240 ಕಿಲೋದಲ್ಲಿ 67 ಕಿಲೋ ಪ್ರೋಟೀನ್. ಪ್ರೋಟೀನಿನಲ್ಲಿ ಶೇ. 16 ಸಾರಜನಕ, ಅಂದರೆ ಸುಮಾರು 10.7 ಕಿಲೋ. ಬ್ಯಾಕ್ಟೀರಿಯಗಳು ಇದನ್ನು ಕೊಳೆಸಿ ಅಮೋನಿಯ ಮಾಡುತ್ತವೆ. ಎಲ್ಲವೂ 1,970 ಘನ ಮೀಟರ್ ನೀರಿನಲ್ಲಿ ಕರಗಿತೆಂದರೆ ಲೀಟರಿಗೆ 5.4 ಮಿಲಿಗ್ರಾಂ ಸಾರಜನಕ. ಪೂರ್ತಿ ಹೀಗಾಗುವುದಿಲ್ಲ, ಒಂದಷ್ಟನ್ನು ಸಸ್ಯ ಪ್ಲವಕಗಳು ಹೀರಿಕೊಳ್ಳುತ್ತವೆ. ಆದರೂ ಅಪಾಯದ ಅಳತೆ ತಿಳಿಯಲು ಈ ಲೆಕ್ಕ ಸಾಕು.

ನೀರಿನಲ್ಲಿ ಅಮೋನಿಯ ಎರಡು ರೂಪದಲ್ಲಿರುತ್ತದೆ. ಅಮೋನಿಯಮ್ ಅಯಾನು ಮೀನಿಗೆ ಅಷ್ಟು ಹಾನಿಕರವಲ್ಲ. ಮುಕ್ತ ಅಮೋನಿಯ ಕಿವಿರುಗಳ ಮೂಲಕ ಸುಲಭವಾಗಿ ಒಳನುಗ್ಗುವ ವಿಷ. ಎಷ್ಟು ಪಾಲು ಮುಕ್ತವಾಗಿರುತ್ತದೆ ಎಂಬುದನ್ನು ಮುಖ್ಯವಾಗಿ ಪಿಎಚ್ ನಿರ್ಧರಿಸುತ್ತದೆ. 20 ಡಿಗ್ರಿ ನೀರಿನಲ್ಲಿ ಪಿಎಚ್ 8 ಇದ್ದರೆ ಶೇ. 4ಕ್ಕಿಂತ ಸ್ವಲ್ಪ ಕಡಿಮೆ, ಪಿಎಚ್ 9 ಇದ್ದರೆ ಶೇ. 28! ನಮ್ಮ ಲೆಕ್ಕದ 5.4 ಮಿಲಿಗ್ರಾಂನಲ್ಲಿ ಮೊದಲನೆಯದಕ್ಕೆ 0.2, ಎರಡನೆಯದಕ್ಕೆ 1.5 ಮಿಲಿಗ್ರಾಂ. ಲೀಟರಿಗೆ 0.05 ಮಿಲಿಗ್ರಾಂ ದಾಟಿದರೇ ಕಿವಿರುಗಳಿಗೆ ತೊಂದರೆ ಶುರುವಾಗುತ್ತದೆ. ಸುಣ್ಣದ ಅಂಶವಿರುವ ಕಪ್ಪು ಮಣ್ಣಿನ ಈ ಸೀಮೆಯಲ್ಲಿ ನೀರು ಮೊದಲೇ ಕ್ಷಾರೀಯ. ಹಸಿರುಗಟ್ಟಿದ ಹೊಂಡದಲ್ಲಿ ಬಿಸಿಲು ಹೊತ್ತಿನ ದ್ಯುತಿಸಂಶ್ಲೇಷಣೆಯಿಂದ ಪಿಎಚ್ ಇನ್ನೂ ಏರುತ್ತದೆ. ಚಳಿಗಾಲದಲ್ಲಿ ಮೀನಿಗೆ ರೋಗ ಬಾರದಿರಲೆಂದು ಎಲ್ಲ ಕಡೆ ಸುಣ್ಣ ಹಾಕಲು ಹೇಳುವುದುಂಟು. ಹುಳಿಮಣ್ಣಿನ ಮಲೆನಾಡಿಗೆ ಅದು ಸರಿ. ಇಲ್ಲಿ ಪಿಎಚ್ ನೋಡದೆ ಸುಣ್ಣ ಸುರಿಯುವುದು ಉರಿಯುವ ಬೆಂಕಿಗೆ ತುಪ್ಪ.

ಚಳಿಯಲ್ಲಿ ಬ್ಯಾಕ್ಟೀರಿಯಗಳೂ ನಿಧಾನ. ಡಿಸೆಂಬರಿನಲ್ಲಿ ತಳ ಸೇರಿದ ಹಿಂಡಿ ಅಲ್ಲೇ ಕೆಸರಾಗಿ ಕೂರುತ್ತದೆ, ನೀರು ಚೆನ್ನಾಗಿಯೇ ಕಾಣುತ್ತದೆ. ಸಮುದ್ರಮಟ್ಟದಲ್ಲಿ 15 ಡಿಗ್ರಿಯ ನೀರು ಲೀಟರಿಗೆ 10.1 ಮಿಲಿಗ್ರಾಂ ಆಕ್ಸಿಜನ್ ಹಿಡಿದಿಟ್ಟುಕೊಂಡರೆ 30 ಡಿಗ್ರಿಯ ನೀರು ಹಿಡಿಯುವುದು 7.6 ಮಾತ್ರ. ವಿಜಯಪುರದ ಎತ್ತರದಲ್ಲಿ ಇವೆರಡೂ ಇನ್ನೂ ಸ್ವಲ್ಪ ಕಡಿಮೆ. ಮಾರ್ಚ್ ಬಂದು ಹಗಲಿನ ಉಷ್ಣತೆ 35 ದಾಟಿದಾಗ, ಕೂಡಿಟ್ಟ ಕೆಸರೆಲ್ಲ ಒಮ್ಮೆಗೇ ಕೊಳೆಯತೊಡಗುತ್ತದೆ. ಆಕ್ಸಿಜನ್ ಕಡಿಮೆ ಇರುವ ಹೊತ್ತಿನಲ್ಲೇ ಅದಕ್ಕೆ ಬೇಡಿಕೆ ಹೆಚ್ಚು. ಒಂದು ಮುಂಜಾನೆ ಮೀನುಗಳು ನೀರಿನ ಮೇಲೆ ಬಾಯಿ ತೆರೆದು ತೇಲುತ್ತವೆ. ಬೇಸಿಗೆಯ ಸೆಕೆಗೆ ಸತ್ತವು ಎಂದು ಜನ ಹೇಳುತ್ತಾರೆ. ಚಳಿಗಾಲದ ಬುಟ್ಟಿಯ ನೆನಪು ಯಾರಿಗೂ ಇರುವುದಿಲ್ಲ.

ಇದರ ಮೇಲೆ ದ್ರಾಕ್ಷಿಯ ಪಾಲೂ ಇದೆ. ಅಕ್ಟೋಬರ್ ಸವರುವಿಕೆಯ (ಇಲ್ಲಿನವರ ಮಾತಿನಲ್ಲಿ ಚಾಟ್ನಿ) ನಂತರ ಬಳ್ಳಿಗೆ ನೀರು ಬೇಕು. ಹೊಂಡದ ಮಟ್ಟ ಇಳಿಯುತ್ತ ಹೋಗುತ್ತದೆ. ನಮ್ಮ ಹೊಂಡದ ನೀರು 3 ಮೀಟರಿನಿಂದ 1 ಮೀಟರಿಗೆ ಇಳಿದಾಗ ಉಳಿಯುವುದು ಮೂರನೆಯ ಒಂದು ಭಾಗವಲ್ಲ, ಬದಿಗಳು ಇಳಿಜಾರಾದ್ದರಿಂದ ಬರೀ 507 ಘನ ಮೀಟರ್, ಅಂದರೆ ಕಾಲುಭಾಗ. ಅದೇ 100 ವ್ಯಾಟಿನ ಲೆಕ್ಕದಲ್ಲಿ ಈಗ ಒಂದು ರಾತ್ರಿಗೆ 1.2 ಡಿಗ್ರಿ ತಣ್ಣಗಾಗುತ್ತದೆ. ಹೊರಹೋಗುವ ನೀರಿನೊಡನೆ ಕರಗಿದ ಸಾರಜನಕವೂ ಹೋಗುತ್ತದೆ, ದ್ರಾಕ್ಷಿಗೆ ಅದು ಗೊಬ್ಬರವೇ. ಆದರೆ ತಳದ ಕೆಸರು, 400 ಕಿಲೋ ಮೀನು ಎರಡೂ ಅಲ್ಲೇ ಉಳಿಯುತ್ತವೆ. ಆದ್ದರಿಂದ ಹೊಂಡ ಇಳಿದಂತೆ ದೊಡ್ಡ ಮೀನುಗಳನ್ನು ಹಿಡಿದು ಮಾರುತ್ತ ಬರುವುದು ಲೇಸು. ಅಂದಹಾಗೆ, ದ್ರಾಕ್ಷಿಗೆ ಔಷಧ ಸಿಂಪಡಿಸಿದ ಪಂಪನ್ನು ಹೊಂಡದ ದಂಡೆಯಲ್ಲಿ ತೊಳೆಯುವ ಅಭ್ಯಾಸ ಯಾವ ಋತುವಿನಲ್ಲೂ ಬೇಡ.

ಚಳಿಯಲ್ಲಿ ಮೀನಿನ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಭಾರತದಲ್ಲಿ 1988ರಿಂದ ಕಾಣಿಸಿಕೊಂಡ ಹುಣ್ಣು ರೋಗ ಹೆಚ್ಚಾಗಿ ತಲೆದೋರುವುದು ತಣ್ಣನೆಯ ತಿಂಗಳುಗಳಲ್ಲೇ. ಬಲೆಯಿಂದಾದ ಗಾಯ ಅದಕ್ಕೆ ದಾರಿ. ತೂಕ ನೋಡಲು ಬಲೆ ಬೀಸುವುದಿದ್ದರೆ ಬಿಸಿಲು ಹೊತ್ತಿನಲ್ಲಿ, ಒಮ್ಮೆ ಮಾತ್ರ. ತಳಿಯ ಆಯ್ಕೆಯೂ ಮುಖ್ಯ. ಸಾಮಾನ್ಯ ಗೆಂಡೆ ಚಳಿ ತಾಳಿದರೂ ನಮ್ಮ ಹವೆಯಲ್ಲಿ ಬೇಗ ಪ್ರಾಯಕ್ಕೆ ಬಂದು, ತಿಂದದ್ದನ್ನು ಮೊಟ್ಟೆಗೇ ಖರ್ಚು ಮಾಡುತ್ತದೆ. ಹಂಗೇರಿಯಿಂದ ತಂದು ಹೆಸರಘಟ್ಟದಲ್ಲಿ ಪರೀಕ್ಷಿಸಿದ ಅಮೂರ್ ಗೆಂಡೆ ತಡವಾಗಿ ಪ್ರಾಯಕ್ಕೆ ಬರುವ ತಳಿ. ವಿಜಯಪುರದ ಭೂತನಾಳದಲ್ಲಿರುವ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರದಲ್ಲಿ ಮರಿ ಮತ್ತು ತಳಿಗಳ ಬಗ್ಗೆ ವಿಚಾರಿಸಬಹುದು.

ಶಾಲೆಯಲ್ಲಿ ಮಾಡಿ ನೋಡಿ

ಊರಿನ ಹತ್ತಿರ ಕೃಷಿ ಹೊಂಡವೋ ಕೆರೆಯೋ ಇದ್ದರೆ ಡಿಸೆಂಬರ್ 1ರಿಂದ ಜನವರಿ 31ರವರೆಗೆ ನೀರಿನ ಉಷ್ಣತೆಯನ್ನು ದಾಖಲಿಸಿ. ಬೆಳಗಿನ ಏಳಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ. ಆಳದ ನೀರು ತೆಗೆಯಲು ಕಲ್ಲು ಕಟ್ಟಿದ ಒಂದು ಬಾಟಲಿ ಸಾಕು. ಅದಕ್ಕೆ ಬಿರಡೆ ಹಾಕಿ, ಬಿರಡೆಗೆ ಬೇರೆ ದಾರ ಕಟ್ಟಿ. ಬಾಟಲಿಯನ್ನು ಎರಡು ಮೀಟರ್ ಆಳಕ್ಕೆ ಇಳಿಸಿ ಬಿರಡೆಯ ದಾರ ಎಳೆದರೆ ಅಲ್ಲಿನ ನೀರೇ ತುಂಬುತ್ತದೆ. ಮೇಲೆತ್ತಿದ ಕೂಡಲೇ ಉಷ್ಣತಾಮಾಪಕ ಅದ್ದಿ ಓದಿಕೊಳ್ಳಿ. ಪ್ಲಾಸ್ಟಿಕ್ ಹಾಳೆಯ ಹೊಂಡಗಳ ಬದಿ ಬಹಳ ಜಾರುತ್ತದೆ. ಹಿರಿಯರಿಲ್ಲದೆ, ಹಗ್ಗವಿಲ್ಲದೆ ದಂಡೆ ಹತ್ತಬೇಡಿ.

ಅದೇ ದಿನಗಳ ಪತ್ರಿಕೆಯ ಕನಿಷ್ಠ, ಗರಿಷ್ಠ ಉಷ್ಣತೆಗಳನ್ನು ಪಕ್ಕದಲ್ಲಿ ಬರೆದು ಒಂದೇ ನಕ್ಷೆಯಲ್ಲಿ ಮೂರು ಗೆರೆ ಎಳೆಯಿರಿ. ಹೊಂಡದ ಗೆರೆ ಉಳಿದೆರಡರ ನಡುವೆ ಎಲ್ಲಿ ಹಾಯುತ್ತದೆ? ಶೀತಗಾಳಿ ಬೀಸಿದ ಎಷ್ಟು ದಿನಗಳ ನಂತರ ಅದು ಬಾಗುತ್ತದೆ? ತರಗತಿಯ ಗಾಜಿನ ತೊಟ್ಟಿಯಲ್ಲಿ ಮೀನಿದ್ದರೆ ಅದರ ಕಿವಿರು ಮುಚ್ಚಳ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆ ಎಂದು ನಸುಕಿನ ತಣ್ಣೀರಿನಲ್ಲೂ ಮಧ್ಯಾಹ್ನದ ಬೆಚ್ಚನೆ ನೀರಿನಲ್ಲೂ ಎಣಿಸಿ. ನೀರನ್ನು ಕೃತಕವಾಗಿ ಕಾಯಿಸುವುದು, ಐಸ್ ಹಾಕುವುದು ಬೇಡ. ದಿನದ ಏರಿಳಿತವೇ ಸಾಕಷ್ಟು ವ್ಯತ್ಯಾಸ ತೋರಿಸುತ್ತದೆ. ನಕ್ಷೆ ಸಿದ್ಧವಾದ ಮೇಲೆ ಹೊಂಡದ ಮಾಲೀಕರನ್ನು ಶಾಲೆಗೆ ಕರೆದು ತೋರಿಸಿ. ಫೆಬ್ರವರಿಯಲ್ಲಿ ಆಹಾರವನ್ನು ಯಾವ ದಿನದಿಂದ ಹೆಚ್ಚಿಸಬೇಕೆಂದು ಅವರು ನಿಮ್ಮನ್ನೇ ಕೇಳಿಯಾರು.